ಭಾಗ್ಯಳ ಸಿಟ್ಟು ನಿನ್ನದಲ್ಲ, ಅಕ್ಕಾ

ನನ್ನ ಮಾದೇವಕ್ಕನಿಗೆ,

ಸುರಪುರದ ಬಸ್ ನಿಲ್ದಾಣದಲ್ಲಿ ಕೂತು ಬರೆಯುತ್ತಿದ್ದೇನೆ. ನಮ್ಮ ಬಸ್ಸು ಯಾದಗಿರಿಗೆ ವಾಪಸು ಹೊರಡಲು ಇನ್ನೂ ಮುಕ್ಕಾಲು ಗಂಟೆ ಇದೆ. ಡ್ರೈವರ್ ಚಹಾ ಕುಡಿಯಲು ಹೋಗಿದ್ದಾರೆ. ನನಗೆ ಮಾತ್ರ ಕೂತಲ್ಲಿ ಕೂರಲು ಆಗುತ್ತಿಲ್ಲ. ಈಗ ಎಷ್ಟೋ ದಿನದಿಂದ ಹೀಗೇ. ಟಿಕೆಟ್ ಕೊಡುತ್ತ ಕೊಡುತ್ತ ಮನಸ್ಸಿನಲ್ಲೇ ನಿನ್ನೊಡನೆ ಮಾತಾಡುತ್ತಿರುತ್ತೇನೆ. ಮೊನ್ನೆ ಅದು ಬಾಯಿಂದ ಹೊರಗೇ ಬಂದುಬಿಟ್ಟಿತು. ಮುಂದಿನ ಸೀಟಿನಲ್ಲಿದ್ದ ಮುದುಕಪ್ಪ ತಿರುಗಿ ನೋಡಿ, “ಯಾರ ಕೂಡ ಮಾತಾಡಾಕತ್ತಿ ತಂಗಿ?” ಎಂದ. “ನಮ್ಮಕ್ಕನ ಕೂಡ” ಅಂದೆ. ಅವನು ನನ್ನ ಪಕ್ಕದ ಖಾಲಿ ಜಾಗ ನೋಡಿ ಮುಂದಕ್ಕೆ ತಿರುಗಿ ಕೂತ. ನೀನು ಹೋಗಿ ಎರಡು ವರ್ಷವಾಯಿತೆಂದು ಅವನಿಗೆ ಹೇಳಿ ಏನಾಗಬೇಕಿತ್ತು?

ಆ ಫೋನಿನ ಮಾತು ನಿನಗೆ ನೆನಪಿದೆಯಲ್ಲ? ನನಗಂತೂ ಮರೆಯಲು ಆಗಿಲ್ಲ. ಅವತ್ತು ನಿನ್ನ ಮಗಳು ಭಾಗ್ಯ ಶಾಲೆಯಲ್ಲಿ ಒಂದು ಹುಡುಗಿಯ ಕೈ ಕಚ್ಚಿ ರಕ್ತ ಬರಿಸಿದ್ದಳು. ಏಳು ವರ್ಷದ ಕೂಸು. ನೀನು ಅಳುತ್ತ ಫೋನ್ ಮಾಡಿದೆ. ನಾನು ತುಂಬಿದ ಬಸ್ಸಿನಲ್ಲಿದ್ದೆ, ನಿಲ್ಲಲೂ ಜಾಗವಿರಲಿಲ್ಲ. “ನಾ ಏನ್ ಮಾಡ್ಲಿ ರೇಣಿ, ಇಕಿ ಯಾಕ ಹಿಂಗದಾಳ?” ಎಂದು ನೀನು ಕೇಳಿದ್ದಕ್ಕೆ ನಾನು ಏನಂದೆ? “ಮತ್ತ ಹ್ಯಾಂಗಿರಬೇಕು? ನಿನ್ನ ಸಿಟ್ಟೇ ಅಕಿಗಿ ಬಂದಾದ. ಬಸರಿದ್ದಾಗ ಒಂದು ದಿನರೆ ನಕ್ಕೀಯೇನು ನೀ?” ಅಂದೆ. ನೀನು “ಹೌದು ಬಿಡು” ಎಂದು ಫೋನ್ ಇಟ್ಟೆ. ಆಮೇಲೆ ಮಾಡಿದರಾಯಿತು, ಸಮಾಧಾನ ಹೇಳಿದರಾಯಿತು ಅಂದುಕೊಂಡೆ. ಮಾಡಲಿಲ್ಲ. ಎರಡು ವಾರಕ್ಕೆ ನಿನಗೆ ಜ್ವರ ಬಂತು. ಕಲಬುರಗಿಯ ಆಸ್ಪತ್ರೆಯಲ್ಲಿ ನನ್ನ ಕೈ ಹಿಡಿದು, “ನಂದೇ ತಪ್ಪು ರೇಣಿ. ಹೊಟ್ಯಾಗ ಇದ್ದಾಗ್ಲೇ ಅದನ್ನ ಕೆಡಿಸೀನಿ ನಾ” ಎಂದೆ. ಇಲ್ಲ ಅಕ್ಕಾ, ಅದು ನಿನ್ನ ತಪ್ಪಲ್ಲ ಅನ್ನುವುದಕ್ಕೆ ಎಷ್ಟು ಹೊತ್ತು ಬೇಕಿತ್ತು? ನಾನು ಅಂದದ್ದು, “ಮಾತಾಡಬ್ಯಾಡ, ಮಲಕೋ.” ನೀನು ಮಲಗಿದೆ. ಮತ್ತೆ...

ನೀನು ಬಸುರಿಯಾಗಿದ್ದಾಗ ಶಹಾಪುರದ ನಿನ್ನ ಮನೆಗೆ ಬಂದಿದ್ದೆ. ಆಗಿನ್ನೂ ನನಗೆ ಕಂಡಕ್ಟರ್ ಕೆಲಸ ಸಿಕ್ಕಿರಲಿಲ್ಲ. ಭಾವ ಕುರಿ ಹೊಡೆದುಕೊಂಡು ನದಿಯ ಆಚೆ ಹೋಗಿದ್ದ, ಬರುವುದು ಮಳೆಗಾಲಕ್ಕೇ. ಗೋಗಿ ಹಳ್ಳಿಯಲ್ಲಿ ನಿನ್ನ ಅತ್ತೆಯ ಮನೆಯಲ್ಲಿದ್ದರೆ ಕೂಲಿ ಸಿಗುವುದಿಲ್ಲವೆಂದು ನೀನು ಶಹಾಪುರದ ಅಂಚಿನ ಹತ್ತಿ ಮಿಲ್ಲಿಗೆ ಸೇರಿ, ಅದರ ಗೋಡೆಗೆ ಹತ್ತಿಕೊಂಡಿದ್ದ ಓಣಿಯಲ್ಲೇ ಬಾಡಿಗೆಗೆ ಒಂದು ಖೋಲಿ ಹಿಡಿದಿದ್ದೆ. ನೀನು ಕೆಲಸದಿಂದ ಬಂದಾಗ ತಲೆ, ಹುಬ್ಬು, ರೆಪ್ಪೆ ಎಲ್ಲ ಹತ್ತಿಯ ಧೂಳಿನಿಂದ ಬೆಳ್ಳಗಾಗಿತ್ತು. “ಅಯ್ಯ, ಮುದುಕಿ ಆಗೀಯಲ್ಲ!” ಎಂದು ನಕ್ಕಿದ್ದೆ. ನೀನು ನಗಲಿಲ್ಲ, ಕೆಮ್ಮಿ ಕೆಮ್ಮಿ ಬಚ್ಚಲಲ್ಲಿ ಉಗುಳಿ ಬಂದೆ. ಗೋಡೆಯ ಹಿಂದೆ ಮಿಲ್ಲಿನ ಕಸ, ಹರಿದ ಪ್ಲಾಸ್ಟಿಕ್ ಚೀಲ, ಹಳೆಯ ಟೈರು ಎಲ್ಲ ದಿನಾ ಉರಿಯುತ್ತಿತ್ತು. ಹೊಗೆ ನೇರ ನಿನ್ನ ಕಿಟಕಿಗೆ. ನೀನು ಒಂದು ಸೀರೆ ತೋಯಿಸಿ ಕಿಟಕಿಗೆ ಕಟ್ಟಿದ್ದೆ. ಸಂಜೆ ಅದನ್ನು ಹಿಂಡಿದರೆ ಕರಿ ನೀರು. ಎಂಟನೆಯ ತಿಂಗಳವರೆಗೆ ನೀನು ಅಲ್ಲಿಗೆ ಹೋದೆ. ನಾವೆಲ್ಲ ನಿನ್ನ ಮುಖದಲ್ಲಿ ನಗುವಿಲ್ಲ ಎಂಬುದನ್ನಷ್ಟೇ ನೋಡಿದೆವು.

ಭಾಗ್ಯ ಹುಟ್ಟಿದಾಗ ಅಂಗೈ ಅಗಲದ ಕೂಸು. ಬೆಳೆಯುತ್ತ ಹೋದಂತೆ ಕುಕ್ಕರ್ ಸೀಟಿ ಕೂಗಿದರೆ ಮಂಚದ ಕೆಳಗೆ, ಯಾರಾದರೂ ಜೋರಾಗಿ ಮಾತಾಡಿದರೆ ಮಂಚದ ಕೆಳಗೆ. ಹೊರಗೆ ಎಳೆಯಲು ಹೋದರೆ ಕಚ್ಚುತ್ತಿದ್ದಳು. ನಿದ್ದೆ ಎಂಬುದೇ ಇರಲಿಲ್ಲ. ನಿನ್ನ ಅತ್ತೆ ಒಂದೇ ಮಾತಿನಲ್ಲಿ ಹೇಳಿಬಿಟ್ಟರು, “ಕೂಸಿಗಿ ಗಾಳಿ ಸೋಕ್ಯಾದ.” ನಾನು ಗೋಗಿಗೆ ಬಂದಿದ್ದ ದಿನವೇ ಅಲ್ಲವೇ ಅದು? ಬಾಗಿಲು ಹಾಕಿ, ಕೆಂಡದ ಮೇಲೆ ಲೋಬಾನ, ಒಣ ಮೆಣಸಿನಕಾಯಿ ಹಾಕಿ, ಭಾಗ್ಯಳನ್ನು ಅದರ ಮುಂದೆ ಕೂರಿಸಿದ್ದರು. ಕೂಸು ಕೆಮ್ಮಿ ಕೆಮ್ಮಿ ತುಟಿ ನೀಲಿಯಾಯಿತು. ನೀನು ಬಾಗಿಲು ಒದ್ದು ಒಳಗೆ ಹೋಗಿ ಅವಳನ್ನು ಎತ್ತಿಕೊಂಡು ಬಯಲಿಗೆ ಓಡಿದೆ. ಹಿಂದಿನಿಂದ ಅವರು, “ನೋಡ್ರಿ, ಇಕಿ ಸಿಟ್ಟು ನೋಡ್ರಿ! ಕೂಸಿಗಿ ಬರದೇ ಏನಾಗತದ?” ಎಂದು ಕೂಗಿದರು. ಓಣಿಯ ಮಂದಿಯೆಲ್ಲ ಕೇಳಿದರು. ನಾನೂ ಕೇಳಿದೆ. ಆ ಮಾತು ನನ್ನ ತಲೆಯಲ್ಲಿ ಉಳಿದುಕೊಂಡು, ಎಷ್ಟೋ ವರ್ಷದ ಮೇಲೆ ಫೋನಿನಲ್ಲಿ ನನ್ನ ಬಾಯಿಂದಲೇ ಬಂತಲ್ಲ ಅಕ್ಕಾ.

ನೀನು ಹೋದ ಮೇಲೆ ಭಾವನೇ ಅವಳನ್ನು ಯಾದಗಿರಿಗೆ ಕರೆದುಕೊಂಡು ಬಂದ. “ಕುರಿ ಹಿಂದ ಅಡ್ಡಾಡಾವ ನಾ. ಇಕಿನ್ನ ಎಲ್ಲಿ ಇಟಗೊಳ್ಳಿ?” ಎಂದು ಅವಳ ಬಟ್ಟೆಯ ಗಂಟನ್ನು ಅವ್ವನ ಮುಂದೆ ಇಟ್ಟ. ಅವ್ವ, ನಾನು, ಭಾಗ್ಯ, ಮೂವರೇ ಈಗ. ನಾನು ಡ್ಯೂಟಿಗೆ ಹೋದರೆ ಅವ್ವನೇ ಅವಳಿಗೆ ಎಲ್ಲ. ಇಲ್ಲಿಯ ಶಾಲೆಗೆ ಹಾಕಿದೆವು. ಒಂದು ವರ್ಷ ಹೇಗೋ ನಡೆಯಿತು. ಈ ವರ್ಷ ಶಾಲೆ ಶುರುವಾದ ಮೊದಲ ವಾರ ಒಂದು ದಿನ ಗಂಟೆ ಬಾರಿಸುತ್ತಲೇ ಬೆಂಚಿನ ಕೆಳಗೆ ಸೇರಿದಳಂತೆ. ಮಧ್ಯಾಹ್ನದವರೆಗೆ ಹೊರಗೆ ಬರಲಿಲ್ಲ. ಎಬ್ಬಿಸಲು ಹೋದ ಟೀಚರ್ ಕೈ ಕಚ್ಚಿದಳು. ಶಾಲೆಯ ಮುಖ್ಯ ಟೀಚರ್ ದೊಡ್ಡ ಬಾಯಾರು ನನ್ನನ್ನು ಕರೆಸಿ, “ಬೈಯಾಕ ಕರೀಲಿಲ್ಲ ನಿಮಗ. ಈ ಕೂಸು ಅಂಜ್ಯಾದ. ಎಲ್ಲೆರೆ ಛಲೋ ಡಾಕ್ಟರಿಗಿ ತೋರಸ್ರಿ” ಎಂದರು. ಅಂಜ್ಯಾದ! ಏಳೆಂಟು ವರ್ಷ ನಾವೆಲ್ಲ ಸಿಟ್ಟು ಸಿಟ್ಟು ಅನ್ನುತ್ತಿದ್ದುದಕ್ಕೆ ಅವರು ಇಟ್ಟ ಹೆಸರೇ ಬೇರೆ.

ಯಾದಗಿರಿಯ ಆಸ್ಪತ್ರೆಯಲ್ಲಿ ಮಕ್ಕಳ ಮನಸ್ಸಿನ ಕಾಯಿಲೆ ನೋಡುವ ಡಾಕ್ಟರಮ್ಮ ವಾರಕ್ಕೊಮ್ಮೆ ಬರುತ್ತಾರೆ. ರಾಯಚೂರಿನ ಕಡೆಯವರು, ನಮ್ಮ ಹಾಗೇ ಮಾತು. ಭಾಗ್ಯಳಿಗೆ ಬಣ್ಣದ ಪೆನ್ಸಿಲ್ ಕೊಟ್ಟು ಕೂರಿಸಿ ನನ್ನನ್ನು ಕೇಳತೊಡಗಿದರು. ಇವಳ ತಾಯಿ ಏನು ಕೆಲಸ ಮಾಡುತ್ತಿದ್ದಳು? ಬಸುರಿಯಾಗಿದ್ದಾಗ ಎಲ್ಲಿದ್ದಳು? ಮನೆಯ ಹತ್ತಿರ ಏನು ಸುಡುತ್ತಿದ್ದರು? ಒಲೆ ಯಾವುದು? ನನಗೆ ರೇಗಿತು. “ಹುಡುಗಿ ತಲಿ ಬಗ್ಗೆ ಕೇಳ್ರಿ ಅಂತ ಬಂದ್ರ ನೀವು ಹೊಗಿ ಬಗ್ಗೆ ಕೇಳಾಕತ್ತೀರಲ್ರಿ!” ಅಂದೆ. “ಇಕಿ ಅವ್ವಗ ಸಿಟ್ಟು ಭಾಳ ಇತ್ತು, ಅದನ್ನ ಬರ್ಕೋರ್ರಿ” ಎಂದೂ ಅಂದೆ. ನೋಡು, ಅಲ್ಲಿ ಹೋಗಿಯೂ ನಿನ್ನನ್ನೇ ಹಿಡಿದುಕೊಟ್ಟೆ. ಅವರು ಪೆನ್ನು ಕೆಳಗಿಟ್ಟು, “ಸಿಟ್ಟು ಬರ್ಕೋಳ್ಳಾಕ ನನ್ನ ಹತ್ರ ಕಾಲಂ ಇಲ್ಲವ್ವಾ. ಮಿಲ್ಲಿನ ಹೊಗಿ ಹೇಳ್ರಿ” ಎಂದರು.

ಎಲ್ಲ ಕೇಳಿದ ಮೇಲೆ ನನ್ನ ಖಾಕಿ ಅಂಗಿ ನೋಡಿ, “ಯಾವ ರೂಟ್ ನಿಮ್ದು?” ಎಂದರು. ಯಾದಗಿರಿ, ಶಹಾಪುರ, ಸುರಪುರ ಅಂದೆ. “ನಿಮ್ಮ ಚಾರ್ಟಿನಾಗ ಶಹಾಪುರ ಅಂತ ಬರದಾದ. ಅದನ್ನ ಯಾರೂ ಅಳಿಸಿಲ್ಲ. ಆದ್ರ ಯಾರೋ ಅದರ ಮುಂದ ಪೆನ್ಸಿಲ್‌ಲೆ ಒಂದು ಗುರ್ತು ಹಾಕ್ಯಾರ ಅಂತ ತಿಳ್ಕೋರಿ, ಇಲ್ಲಿ ನಿಲ್ಲಸಬ್ಯಾಡ ಅಂತ. ಬಸ್ಸು ಹಂಗೇ ಹೋಗತದ. ಶಹಾಪುರದ ಮಂದಿ ಅಲ್ಲೇ ನಿಂತಿರತಾರ. ಹೌದಲ್ಲ? ನಮ್ಮ ಮೈಯಾಗ ವಂಶವಾಹಿ ಅಂತ ಇರತಾವ. ಅಂಜಿಕಿ ಬಂದ್ರ ಅದನ್ನ ತಣ್ಣಗ ಮಾಡಾಕೂ ಅಲ್ಲಿ ಬರದಿರತದ. ಹೊಗಿ, ಸಣ್ಣ ಧೂಳು ಬಸರಿ ಹೆಣಮಗಳ ಮೈಯಾಗ ಹೋದ್ರ, ಹೊಟ್ಯಾಗಿನ ಕೂಸಿನ ವಂಶವಾಹಿ ಮ್ಯಾಲ ಇಂಥಾ ಗುರ್ತು ಬೀಳಬಹುದು. ಬರದದ್ದು ಅಳಿಸಂಗಿಲ್ಲ. ಅದನ್ನ ಓದೂದು ಬದಲಾಗತದ. ಎಪಿಜೆನೆಟಿಕ್ಸ್ ಅಂತಾರ ಇದಕ್ಕ. ಮುಂದ ಕೂಸಿಗಿ ಅಂಜಿಕಿ ಬಂದ್ರ ಲಗೂನ ಇಳಿಯಂಗಿಲ್ಲ.” “ಹಂಗಾರ ಭಾಗ್ಯಗ ಆಗಿದ್ದು ಅದೇನ್ರಿ?” ಅಂದೆ. ಅವರು ತಲೆ ಅಲ್ಲಾಡಿಸಿದರು. “ಇರಬಹುದು. ಇಕಿಗಿ ಅದೇ ಆಗ್ಯಾದ ಅಂತ ನಾ ಆಣಿ ಮಾಡಿ ಹೇಳಾಕ ಬರಂಗಿಲ್ಲ. ಅದನ್ನ ತೋರಸೋ ಟೆಸ್ಟು ನನ್ನ ಹತ್ರ ಇಲ್ಲ. ಇನ್ನೂ ಹುಡಕಾಕತ್ತಾರ. ಒಂದು ಕೂಸಿನಾಗ ಎಷ್ಟೋ ಸೇರಿರತಾವ. ತಾಯಿ ಹೋಗ್ಯಾಳ, ಅದೇನು ಸಣ್ಣದೇನು? ಆದ್ರ ಒಂದು ಮಾತು. ಅವ್ವನ ಸಿಟ್ಟು ಇಕಿಗಿ ಬಂದಾದ ಅಂತ ಇನ್ನ ಮ್ಯಾಲ ಯಾರೂ ಅನಬ್ಯಾಡ್ರಿ.”

ಆಸ್ಪತ್ರೆಯ ಮೆಟ್ಟಿಲು ಇಳಿಯುತ್ತ ನಿನಗೆ ಫೋನ್ ಮಾಡಬೇಕೆಂದು ಮೊಬೈಲ್ ಕೈಗೆ ತೆಗೆದುಕೊಂಡೇ ಬಿಟ್ಟೆ ಅಕ್ಕಾ. ನಿನ್ನ ನಂಬರ್ ಇನ್ನೂ ಅಳಿಸಿಲ್ಲ. ಹೆಸರು ನೋಡಿದ ಮೇಲೆ... ಆಮೇಲೆ ಸಮಾಧಾನವೇ ಇಲ್ಲ. ಒಂದು ಹೋದರೆ ಒಂದು ಪ್ರಶ್ನೆ. ಆ ಓಣಿಯಲ್ಲಿ ಬೇರೆ ಕೂಸುಗಳೂ ಹುಟ್ಟಿದವಲ್ಲ, ಅವು ನಗುನಗುತ್ತ ಆಡುತ್ತವಲ್ಲ? ಡಾಕ್ಟರಮ್ಮನನ್ನು ಕೇಳಿದರೆ, ಒಂದೇ ಮಳೆಗೆ ಎಲ್ಲರಿಗೂ ನೆಗಡಿ ಆಗತದೇನು ಅಂದರು. ಅವ್ವ ನಮ್ಮಿಬ್ಬರನ್ನೂ ಹೊತ್ತಾಗ ಹತ್ತಿ ಕಟ್ಟಿಗೆಯ ಒಲೆಯನ್ನೇ ಊದಿದಳು. ಹಾಗಾದರೆ ನಿನ್ನ ಮೇಲೆ, ನನ್ನ ಮೇಲೆ ಯಾವ ಗುರುತು ಬಿದ್ದಿದೆ? ನಿನಗೆ ಬರುತ್ತಿದ್ದ ಆ ಸಿಟ್ಟಾದರೂ ಯಾರದು? ಎಂಟು ತಾಸು ನಿಂತು, ಕೆಮ್ಮುತ್ತ ಬಂದು, ಹೊಗೆ ತುಂಬಿದ ಖೋಲಿಯಲ್ಲಿ ಒಬ್ಬಳೇ ಮಲಗುವವಳಿಗೆ ಸಿಟ್ಟು ಬಾರದೆ ಮತ್ತೇನು ಬರಬೇಕಿತ್ತು?

ಒಂದು ರವಿವಾರ ಗೋಗಿಗೆ ಹೋದೆ. ಶಹಾಪುರದಲ್ಲಿ ಇಳಿದು ಶೇರ್ ಆಟೋ ಹಿಡಿದು, ದಾರಿಯುದ್ದಕ್ಕೂ ನಿನ್ನ ಅತ್ತೆಗೆ ಅನ್ನಬೇಕಾದ ಮಾತನ್ನೆಲ್ಲ ಮಸೆಯುತ್ತ ಹೋದೆ. ಅವರು ಅಂಗಳದಲ್ಲಿ ಕುರಿಮರಿಗೆ ಹಾಲು ಕುಡಿಸುತ್ತಿದ್ದರು. ಬಹಳ ಸೊರಗಿದ್ದಾರೆ. ನಾನು ನಿಂತುಕೊಂಡೇ ಡಾಕ್ಟರಮ್ಮ ಹೇಳಿದ್ದನ್ನೆಲ್ಲ ಒದರಿದೆ. ಕೊನೆಗೆ, “ನೀವು ಗಾಳಿ ಸೋಕ್ಯಾದ ಅಂತಿದ್ರಲ್ಲ, ಖರೆ ಅದ ಅತ್ತಿ. ಆದ್ರ ಅದು ಮಿಲ್ಲಿನ ಗಾಳಿ” ಅಂದೆ. ಅವರು ಮರಿಯ ಬಾಯಿ ಒರೆಸಿ ಕೆಳಗೆ ಬಿಟ್ಟರು. ಆಮೇಲೆ ಸಣ್ಣ ದನಿಯಲ್ಲಿ, “ಏಳು ತಿಂಗಳಿದ್ದಾಗ ಅಕಿ ಇಲ್ಲಿಗಿ ಬಂದಿದ್ಲು. ಒಲ್ಲೆ ಅತ್ತಿ, ಎದಿ ಹಿಡಿತದ ಅಂತ ಅಳಾಕತ್ಲು. ನಾನೇ ಮಿಲ್ಲಿಗಿ ಹೋಗು ಅಂದೆ. ನಾವೆಲ್ಲ ಬಸರಿದ್ದಾಗ ಹೊಲದಾಗ ದುಡಿಲಿಲ್ಲೇನು ಅಂದೆ” ಎಂದರು. ಸೆರಗಿನಿಂದ ಮುಖ ಮುಚ್ಚಿಕೊಂಡು ಮತ್ತೆ ಕೇಳಿದರು, “ರೇಣುಕಾ, ನಾ ಹಾಕಿದ ಲೋಬಾನದ ಹೊಗಿನೂ ಕೂಸಿಗಿ ಕೆಟ್ಟದ್ದೇ ಮಾಡಿರಬೇಕಲ್ಲ?”

ಮಸೆದು ತಂದ ಮಾತುಗಳು ಎಲ್ಲಿ ಹೋದವೋ. ನೀನು ಆಸ್ಪತ್ರೆಯಲ್ಲಿ ಅಂದದ್ದನ್ನೇ ಅವರು ಅಂಗಳದಲ್ಲಿ ಕೂತು ಅನ್ನುತ್ತಿದ್ದರು. ನಂದೇ ತಪ್ಪು, ನಂದೇ ತಪ್ಪು. ಅವರಿಂದ ನನಗೆ, ನನ್ನಿಂದ ನಿನಗೆ, ಈಗ ಮತ್ತೆ ಅವರಿಗೇ. ಹೆಂಗಸರು ಒಬ್ಬರ ಕೈಯಿಂದ ಒಬ್ಬರ ಕೈಗೆ ಇದನ್ನು ದಾಟಿಸುತ್ತಲೇ ಇದ್ದೇವೆ, ಅತ್ತ ಗೋಡೆಯ ಹಿಂದೆ ಟೈರು ಉರಿಯುತ್ತಲೇ ಇದೆ. ನಾನು ಅವರ ಪಕ್ಕದಲ್ಲಿ ಕೂತೆ. “ನಿಮಗ ಗೊತ್ತಿರಲಿಲ್ಲ ಅತ್ತಿ. ನಮಗ ಯಾರಿಗೂ ಗೊತ್ತಿರಲಿಲ್ಲ” ಅಂದೆ. ಕ್ಷಮಿಸಿದೆನೇ? ಗೊತ್ತಿಲ್ಲ. ನಿನ್ನನ್ನು ಕೇಳದೆ ನಿನ್ನ ಪರವಾಗಿ ಕ್ಷಮಿಸಲು ನಾನು ಯಾರು? ಬರುವಾಗ ಭಾಗ್ಯಳಿಗೆಂದು ಸಜ್ಜೆ ರೊಟ್ಟಿ ಕಟ್ಟಿಕೊಟ್ಟರು. ಬೇಡವೆನ್ನದೆ ತೆಗೆದುಕೊಂಡು ಬಂದೆ.

ಅವ್ವನನ್ನು ಒಪ್ಪಿಸುವುದು ಇದಕ್ಕಿಂತ ಕಷ್ಟವಾಯಿತು. ಅಡಿಗೆಗೆ ಗ್ಯಾಸ್ ಇದೆ, ಆದರೆ ಸ್ನಾನದ ಹಂಡೆಯ ಒಲೆಗೆ ಅವಳು ಕೈಗೆ ಸಿಕ್ಕಿದ್ದನ್ನೆಲ್ಲ ತುರುಕುತ್ತಾಳೆ ಎಂಬುದು ನಿನಗೂ ಗೊತ್ತು. “ಒಂದು ಹಳಿ ಚಪ್ಪಲಿ ಸುಟ್ರ ಏನು ಮುಳಗತದ?” ಎಂದು ನನ್ನ ಮೇಲೇ ತಿರುಗಿಬಿದ್ದಳು. ನಾನೂ ಕೂಗಾಡಿದೆ. ಗದ್ದಲಕ್ಕೆ ಭಾಗ್ಯ ಮಂಚದ ಕೆಳಗೆ ಸೇರಿದಳು. ಇಬ್ಬರೂ ಬಾಯಿ ಮುಚ್ಚಿದೆವು. ಡಾಕ್ಟರಮ್ಮ ಹೇಳಿಕೊಟ್ಟಂತೆ ಎಳೆಯಲಿಲ್ಲ. ನಾನೂ ಮಂಚದ ಪಕ್ಕ ನೆಲಕ್ಕೆ ಮಲಗಿ ಸುಮ್ಮನೆ ಉಸಿರು ಬಿಡುತ್ತ ಇದ್ದೆ, ಅವಳಿಗೆ ಕೇಳುವ ಹಾಗೆ. ಅರ್ಧ ತಾಸಿನ ಮೇಲೆ ಅವಳ ಬೆರಳು ಬಂದು ನನ್ನ ಬೆರಳು ಮುಟ್ಟಿತು. ಮರುದಿನದಿಂದ ಅವ್ವ ಹಂಡೆಯನ್ನು ಬೆಳಗ್ಗೆಯೇ ಮಾಳಿಗೆಯ ಮೇಲೆ ಬಿಸಿಲಿಗಿಡುತ್ತಾಳೆ. ಸ್ನಾನ ಈಗ ಮಧ್ಯಾಹ್ನದ ಮೇಲೆಯೇ. ಯಾದಗಿರಿಯ ಬಿಸಿಲಿಗೆ ನೀರು ಕಾಯದೆ ಏನು?

ಶಹಾಪುರದಲ್ಲಿ ಒಮ್ಮೆ ಒಬ್ಬ ಬಸುರಿ ಬಸ್ ಹತ್ತಿದಳು, ತಲೆಯ ತುಂಬ ಹತ್ತಿಯ ಧೂಳು. ಮುಂದಿನ ಕಿಟಕಿಯ ಹತ್ತಿರ ಅವಳನ್ನು ಕೂರಿಸಿ ಹೊಗೆಯ ಸಂಗತಿ ಹೇಳಿದೆ. “ಹಂಗಾರ ಕೆಲಸ ಬಿಡಂತೀರೇನ್ರಿ ಅಕ್ಕಾ?” ಎಂದಳು. ಬಿಟ್ಟು ಏನು ತಿನ್ನುತ್ತಾಳೆ? ಆದರೆ ಅವಳು ಸುಮ್ಮನಿರಲಿಲ್ಲ. ಮಿಲ್ಲಿನ ಏಳೆಂಟು ಹೆಂಗಸರನ್ನು ಕೂಡಿಸಿದಳು. ಎಲ್ಲರೂ ಸೇರಿ ಊರಿನ ಕಚೇರಿಗೆ ಅರ್ಜಿ ಕೊಟ್ಟೆವು, ಗೋಡೆಯ ಹಿಂದೆ ಸುಡುವುದು ನಿಲ್ಲಬೇಕೆಂದು. ಅರ್ಜಿ ಬರೆದವಳು ನಾನು. ಎರಡು ವಾರ ನಿಂತಿತು. ಮತ್ತೆ ಶುರುವಾಗಿದೆ. ನಾನು ಮತ್ತೆ ಬರೆಯುತ್ತೇನೆ ಅಕ್ಕಾ. ಈ ರೂಟಿನಲ್ಲಿ ದಿನಾ ಆ ಹೊಗೆ ನೋಡುತ್ತ ಹೋಗುವವಳು ನಾನು, ಎಷ್ಟು ಸಲ ಬೇಕಾದರೂ ಬರೆಯುತ್ತೇನೆ. ಆ ಹೆಣ್ಣುಮಗಳಿಗೆ ಈಗ ಕೆಲಸ ಮಿಲ್ಲಿನ ಹೊರಗಿನ ಅಂಗಳದಲ್ಲಿ, ಚೀಲ ಹೊಲಿಯುವುದಂತೆ. ಅಷ್ಟಾದರೂ ಆಯಿತು.

ಭಾಗ್ಯ ಪೂರ್ತಿ ಸುಧಾರಿಸಿದ್ದಾಳೆ ಎಂದು ನಿನಗೆ ಸುಳ್ಳು ಹೇಳುವುದಿಲ್ಲ. ಆ ಗುರುತುಗಳು ಕಲ್ಲಿನ ಮೇಲೆ ಕೆತ್ತಿದ್ದಲ್ಲ, ಒಳ್ಳೆಯ ಗಾಳಿ, ಊಟ, ನಿದ್ದೆ, ಅಂಜಿಕೆಯಿಲ್ಲದ ಮನೆ ಸಿಕ್ಕರೆ ಕೂಸು ಸುಧಾರಿಸಬಹುದು ಎಂದು ಡಾಕ್ಟರಮ್ಮ ಅನ್ನುತ್ತಾರೆ. ಬಹುದು. ಅವರ ಮಾತೆಲ್ಲ ಬಹುದು. ಶಾಲೆಯ ಗಂಟೆಗೆ ಈಗ ಕಿವಿ ಮುಚ್ಚಿಕೊಳ್ಳುತ್ತಾಳೆ, ಬೆಂಚಿನ ಕೆಳಗೆ ಹೋಗುವುದಿಲ್ಲ. ಕಚ್ಚಬೇಕೆನಿಸಿದರೆ ತನ್ನ ತೋಳಿನ ಬಟ್ಟೆ ಕಚ್ಚುತ್ತಾಳೆ. ಎಲ್ಲ ಅಂಗಿಗಳ ತೋಳೂ ಜಾಲರಿಯಾಗಿವೆ.

ಈಗ ನಿಜವಾದ ಸುದ್ದಿ. ಹೋದ ರವಿವಾರ ಬೆಳಗ್ಗೆ ಕಟ್ಟೆಯ ಮೇಲೆ ಕೂರಿಸಿ ಅವಳ ತಲೆ ಬಾಚುತ್ತಿದ್ದೆ. ಅವಳ ಮುಖ ಓಣಿಯ ಕಡೆಗಿತ್ತು. ಇದ್ದಕ್ಕಿದ್ದಂತೆ, “ಚಿಗವ್ವಾ, ಮನಷ್ಯಾರ ಹಲ್ಲಾಗ ವಿಷ ಇರತದೇನು?” ಎಂದಳು. “ಇಲ್ಲಲ್ಲ. ಯಾಕ?” ಅಂದೆ. “ನಾ ಅವ್ವಗ ಕಚ್ಚಿದ್ದೆ. ಮರುದಿನಾನೇ ಅಕಿಗಿ ಜ್ವರ ಬಂತು.”

ಬಾಚಣಿಗೆ ಕೂದಲಲ್ಲೇ ನಿಂತಿತು. ಎರಡು ವರ್ಷ, ಅಕ್ಕಾ. ಎರಡು ವರ್ಷ ಈ ಕೂಸು ಇದನ್ನು ಹೊತ್ತುಕೊಂಡು ಶಾಲೆಗೆ ಹೋಗಿದೆ, ಉಂಡಿದೆ, ಮಂಚದ ಕೆಳಗೆ ಕೂತಿದೆ. ಡಾಕ್ಟರಮ್ಮ ಎಷ್ಟೋ ಸೇರಿರತಾವ ಅಂದಿದ್ದರಲ್ಲ... ನಾನು ಅವಳನ್ನು ನನ್ನ ಕಡೆ ತಿರುಗಿಸಿ ಕೂರಿಸಿದೆ. ನಿನಗೆ ಹೇಳದೆ ಉಳಿದ ಮಾತು ಈ ಸಲ ಹೇಳಿಯೇಬಿಟ್ಟೆ. “ಇಲ್ಲ ಭಾಗ್ಯಾ. ನಿನ್ನಿಂದ ಏನೂ ಆಗಿಲ್ಲ. ಅವ್ವಗ ಬಂದಿದ್ದು ಡೆಂಗಿ ಜ್ವರ. ಸೊಳ್ಳಿ ಕಡದು ಬರೂದು ಅದು.” “ಖರೇನು?” “ಖರೆ. ದವಾಖಾನ್ಯಾಗ ಕಾಗದದ ಮ್ಯಾಲ ಬರದು ಕೊಟ್ಟಾರ, ಬೇಕಾದ್ರ ತೋರಸ್ತೀನಿ.” ತಂದು ತೋರಿಸಿದೆ. ಅಕ್ಷರ ಕೂಡಿಸಿ ಕೂಡಿಸಿ ಓದಿದಳು. ಅಳಲಿಲ್ಲ. “ಸೊಳ್ಳಿ ಎಲ್ಲಿ ಹುಟ್ಟತಾವ?” ಎಂದು ಕೇಳಿದಳು. “ತೆರೆದಿಟ್ಟ ನೀರಾಗ” ಅಂದೆ.

ಅರ್ಧ ಜಡೆಯಲ್ಲೇ ಎದ್ದು ಹೋದಳು. ನಾನು ಒಳಗೆ ಹೋಗಿ ಹಿಟ್ಟು ನಾದುವಷ್ಟರಲ್ಲಿ ಹೊರಗೆ ಗದ್ದಲ. ನಿನ್ನ ಮಗಳು ಓಣಿಯಲ್ಲಿ ಏಳು ಮನೆಯ ಮುಂದಿನ ಕೊಡ, ಬಕೀಟು, ಡ್ರಮ್ಮು, ಮುಚ್ಚಳವಿಲ್ಲದ್ದನ್ನೆಲ್ಲ ಉರುಳಿಸಿದ್ದಳು. ನಳದ ನೀರು ಬರುವುದೇ ನಾಲ್ಕು ದಿನಕ್ಕೊಮ್ಮೆ! ಏಳು ಮನೆಯವರೂ ಬಂದು ಬೈದರು. ಅವ್ವ ಕೈ ಮುಗಿದಳು, ನಾನು ಕೈ ಮುಗಿದೆ. ಭಾಗ್ಯ ಒದ್ದೆ ಲಂಗದಲ್ಲಿ ನಡುವೆ ನಿಂತಿದ್ದಳು, ಇಷ್ಟು ಜನ ಕೂಗುತ್ತಿದ್ದರೂ ಮಂಚದ ಕೆಳಗೆ ಹೋಗಲಿಲ್ಲ. ನಾನು ಅವಳನ್ನು ಬೈಯಲಿಲ್ಲ. ಆಮೇಲೆ ಅವ್ವ, ನಾನು ದೂರದ ಬೋರ್‌ವೆಲ್ಲಿನಿಂದ ನೀರು ಹೊತ್ತು ಏಳೂ ಮನೆಗೆ ತುಂಬಿಕೊಟ್ಟೆವು. ನಿನ್ನ ಮಗಳು ಒಂದು ಸಣ್ಣ ಚರಿಗೆ ಹಿಡಿದು ನಮ್ಮ ಮುಂದೆ ನಡೆದಳು. ಒಂದೊಂದು ಬಾಗಿಲಲ್ಲೂ ನಿಂತು, ತನ್ನ ಚರಿಗೆಯ ನೀರನ್ನೂ ಸುರಿದು, ಹೇಳುತ್ತ ಹೋದಳು:

“ಮುಚ್ಚಿ ಇಡ್ರಿ.”

ನಿನ್ನ
ರೇಣಿ